ಮುಕ್ಕಾಲು ಹುಡುಗಿಯ ಬಾಲಂಗೋಚಿ

ಆರನೇ ಮಹಡಿಯ ನೆಲದ ಮೇಲೆ ಒಂದು ತಲೆ ಇತ್ತು.

ಬರೀ ತಲೆ. ಮುಂಡವಿಲ್ಲ, ಕೈಯಿಲ್ಲ. ತೆರೆದ ಲಿಫ್ಟ್ ಬಾಗಿಲಿನ ಹೊಸ್ತಿಲಲ್ಲಿ ಕಲ್ಲಂಗಡಿ ಹಣ್ಣು ಇಟ್ಟ ಹಾಗೆ ಕೂತಿದ್ದ ಆ ತಲೆ ಅವಳ ಪಾದಗಳನ್ನೇ ನೋಡುತ್ತಿತ್ತು.

ಮೆಟ್ಟಿಲು ಓಡಿ ಹತ್ತಿ ಬಂದವಳ ಎದೆ ಮೊದಲೇ ಡವಡವ ಹೊಡೆದುಕೊಳ್ಳುತ್ತಿತ್ತು. ಈಗ ಒಂದು ಕ್ಷಣ ಅದೂ ನಿಂತೇ ಹೋಯಿತು. ಕಿರುಚೋಣವೆಂದು ಬಾಯಿ ತೆರೆದಳು. ದಮ್ಮು ಸಾಲದೆ ಕೂಗೇ ಹೊರಡಲಿಲ್ಲ.

"ಹೆದರಬೇಡಿ ಮೇಡಂ," ಎಂದಿತು ತಲೆ. "ಮಿಕ್ಕಿದ್ದೆಲ್ಲ ಕೆಳಗೆ ಇದೆ."

ಲಿಫ್ಟ್ ಮೆಕ್ಯಾನಿಕ್! ಲಿಫ್ಟಿನ ನೆತ್ತಿಯ ಮೇಲೆ ನಿಂತು ರಿಪೇರಿ ಮಾಡುತ್ತಿದ್ದನಂತೆ. ಕೆನ್ನೆಗೆ ಗ್ರೀಸು ಮೆತ್ತಿತ್ತು, ಕಣ್ಣಲ್ಲಿ ನಗು ಇತ್ತು. ಅವಳಿಗೆ ಸಿಟ್ಟು ಬಂತು. ಹೆದರಿಸಿದ್ದಲ್ಲದೆ ನಗು ಬೇರೆ...

"ಬೆಳಗಿನಿಂದ ಹತ್ತೋದು, ಇಳಿಯೋದು, ಮತ್ತೆ ಹತ್ತೋದು. ಮನೆಯಲ್ಲಿ ಏನಾದ್ರೂ ಮರೆತು ಬಂದ್ರಾ?"

"ಓಡ್ತಾ ಇದ್ದೀನಿ."

"ಯಾರಾದ್ರೂ ಅಟ್ಟಿಸಿಕೊಂಡು ಬರ್ತಿದ್ದಾರಾ?"

"ಐವತ್ತು ಕಿಲೋಮೀಟರ್ ಬೆಟ್ಟದ ಓಟಕ್ಕೆ ಹೆಸರು ಕೊಟ್ಟಿದ್ದೀನಿ. ಈ ಊರಲ್ಲಿ ಬೆಟ್ಟ ಇಲ್ಲ. ಅದಕ್ಕೆ ಮೆಟ್ಟಿಲು," ಎಂದಳು ಗತ್ತಿನಿಂದ. ಇದನ್ನು ಕೇಳಿದವರೆಲ್ಲ ನಗುತ್ತಿದ್ದರು. ಇವನೂ ನಗಲಿ, ಮುಖದ ಮೇಲೆ ಹೊಡೆದ ಹಾಗೆ ಏನಾದರೂ ಹೇಳಿ ಹೋಗೋಣ ಎಂದು ಕಾದಳು.

ಅವನು ನಗಲಿಲ್ಲ. ಕಣ್ಣಲ್ಲಿದ್ದ ನಗುವೂ ಸರಿದು, ಬೇರೇನೋ ಬಂದು ಕೂತಿತು.

"ಇಳಿಯುವಾಗ ಎಡಗಾಲಿನ ಹಿಮ್ಮಡಿ ಕುಟ್ತೀರ," ಎಂದ. "ಬೆಟ್ಟದಲ್ಲಿ ಹಾಗೆ ಇಳಿದ್ರೆ ಮಂಡಿ ಕೈಕೊಡುತ್ತೆ. ಹೆಜ್ಜೆ ಚಿಕ್ಕದು ಮಾಡಿ."

"ನಿಮಗೆ ಹೇಗೆ ಗೊತ್ತು?"

"ನಾನಿರೋ ಜಾಗದಿಂದ ಕಾಲು ಬಿಟ್ಟು ಬೇರೇನೂ ಕಾಣಲ್ಲ ಮೇಡಂ."

ಅವಳು ದುರುಗುಟ್ಟಿ ನೋಡಿ ಮೇಲಕ್ಕೆ ಓಡಿದಳು. ಆದರೆ ಇಳಿಯುವಾಗ, ಆರನೇ ಮಹಡಿ ದಾಟುವಾಗ, ಅವಳಿಗೇ ಅರಿವಿಲ್ಲದೆ ಹೆಜ್ಜೆ ಚಿಕ್ಕದಾಗಿತ್ತು.

ಲಿಫ್ಟ್ ಓಡಾಡುವ ಬಾವಿಯಂಥ ಗುಂಡಿಯ ಒಳಗಿನಿಂದ ಒಂದು ಮೆಲ್ಲನೆಯ ಶಿಳ್ಳೆ ಕೇಳಿಸಿತು. ಭಲೆ ಎನ್ನುವಂಥ ಶಿಳ್ಳೆ.

ಛೆ, ಇವನು ಇನ್ನೂ ನೋಡ್ತಾನೇ ಇದ್ದಾನೆ!

* * *

ಅವಳಿಗೆ ಮನೆಯಲ್ಲಿ ಇಟ್ಟ ಅಡ್ಡಹೆಸರು ಮುಕ್ಕಾಲು.

ಇಟ್ಟವನು ಅಣ್ಣ. ಕಟ್ಟಡದ ನೆಲಮಹಡಿಯಲ್ಲಿ ಅವನದು ಹೊಲಿಗೆ ಅಂಗಡಿ, ಎಂಟನೇ ಮಹಡಿಯಲ್ಲಿ ಮನೆ. ಅಂಗಡಿಯಲ್ಲಿ ಅಣ್ಣ ಕೋಟು ಹೊಲಿದರೆ, ಅತ್ತಿಗೆ ಅಳತೆ ತೆಗೆದುಕೊಂಡರೆ, ಪ್ಯಾಂಟಿನ ಅಂಚು ಮಡಚುವುದು, ಜಿಪ್ ಬದಲಿಸುವುದು, ಹರಿದಿದ್ದಕ್ಕೆ ತೇಪೆ ಹಾಕುವುದು ಅವಳ ಪಾಲು. ಚಿಕ್ಕ ಕೆಲಸಗಳನ್ನು ಚೆನ್ನಾಗಿಯೇ ಮುಗಿಸುತ್ತಿದ್ದಳು. ದೊಡ್ಡದು ಕೈಗೆ ಬಂತೋ, ಮುಕ್ಕಾಲು ಮುಟ್ಟುವ ಹೊತ್ತಿಗೆ ಅವಳ ಮನಸ್ಸು ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಿತ್ತು.

ಈಜು ಕಲಿಯಲು ಹೋದಳು, ಆಳದ ಕಡೆಗೆ ಕಳಿಸುವ ವಾರ ಬಿಟ್ಟಳು. ಗಿಟಾರ್ ಕಲಿತಳು, ಹಾಡಿನ ಕೊನೆಯ ಸಾಲು ಇವತ್ತಿಗೂ ಬರುವುದಿಲ್ಲ. ಅಣ್ಣನಿಗೆಂದು ಹಸಿರು ಉಲ್ಲನ್ ಸ್ವೆಟರ್ ಹೆಣೆದಳು, ಮೈ ಆಯಿತು, ಕತ್ತು ಆಯಿತು, ಒಂದು ತೋಳು ಆಯಿತು, ಅಷ್ಟೇ. ಆ ಒಂಟಿ ತೋಳಿನ ಸ್ವೆಟರನ್ನು ಅಣ್ಣ ಮನೆಗೆ ಬಂದವರ ಮುಂದೆಲ್ಲ ಹಾಕಿಕೊಂಡು ತೋರಿಸುತ್ತಿದ್ದ. "ಅದು ಮುಕ್ಕಾಲು ಕಣ್ರೀ. ಅದು ಪೂರ್ತಿ ಮಾಡೋ ಪೈಕಿ ಅಲ್ಲ," ಎನ್ನುತ್ತಿದ್ದ. ಪ್ರೀತಿಯಿಂದಲೇ ಎನ್ನುತ್ತಿದ್ದ. ಪ್ರೀತಿಯ ಮಾತು ಹೆಚ್ಚು ನಾಟುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಒಂದು ದಿನ ಅಂಗಡಿಯ ಗಾಜಿಗೆ ಯಾರೋ ಓಟದ ಪೋಸ್ಟರ್ ಅಂಟಿಸಿ ಹೋದರು. ಅಲ್ಟ್ರಾ ಮ್ಯಾರಥಾನ್. ಮ್ಯಾರಥಾನ್ ಮುಗಿದ ಮೇಲೂ ಓಡುತ್ತಲೇ ಇರಬೇಕಾದ ಓಟ. ಅಣ್ಣ ಅದನ್ನು ಗಟ್ಟಿಯಾಗಿ ಓದಿ, ಟೇಪು ಕತ್ತಿಗೆ ಸುತ್ತಿಕೊಂಡು ಲೆಕ್ಕ ಹಾಕಿದ. "ಐವತ್ತರ ಮುಕ್ಕಾಲು ಎಷ್ಟೇ? ಮೂವತ್ತೇಳೂವರೆ. ನಮ್ಮ ಮುಕ್ಕಾಲು ಅಲ್ಲಿಗೆ ಹೋದ್ರೆ ಸರಿಯಾಗಿ ಮೂವತ್ತೇಳೂವರೆಗೆ ಕೂತುಬಿಡುತ್ತೆ."

ಅತ್ತಿಗೆ ನಕ್ಕಳು. ಅವಳೂ ನಕ್ಕಳು. ಸಂಜೆ ಒಬ್ಬಳೇ ಕೂತು ಓಟಕ್ಕೆ ಹೆಸರು ಕೊಟ್ಟಳು.

ಈ ಒಂದನ್ನು ಮುಗಿಸದಿದ್ದರೆ ಆ ಹೆಸರು ನನ್ನ ಜೊತೆಗೇ ಮುದಿಯಾಗುತ್ತೆ... ಎಂದುಕೊಂಡಳು. ಅಂದಿನಿಂದ ರಾತ್ರಿ ಮಲಗಿದರೂ ಕಾಲುಗಳು ಹಾಸಿಗೆಯಲ್ಲಿ ಓಡುತ್ತಿದ್ದವು.

* * *

ಆ ಲಿಫ್ಟಿಗೆ ಕಟ್ಟಡದಷ್ಟೇ ವಯಸ್ಸು. ಬಿಡಿಭಾಗ ಬರುವುದು ತಡ, ಬಂದದ್ದು ಕೂರುವುದಿಲ್ಲ, ಕೂತದ್ದು ನಡೆಯುವುದಿಲ್ಲ. ಮೆಕ್ಯಾನಿಕ್ ದಿನವೂ ಬರಬೇಕಾಯಿತು. ಕಟ್ಟಡದವರೆಲ್ಲ ಅವನಿಗೆ ಶಾಪ ಹಾಕುತ್ತಿದ್ದರು. ಲಿಫ್ಟ್ ಇನ್ನೂ ಕೆಟ್ಟಿದೆಯಾ ಎಂದು ಬೆಳಗ್ಗೆ ಎದ್ದು ಖುಷಿಯಿಂದ ನೋಡುತ್ತಿದ್ದವಳು ಅವಳೊಬ್ಬಳೇ.

ಒಂದು ದಿನ ಅವನು ನೀಲಿ ಯೂನಿಫಾರ್ಮ್ ಪ್ಯಾಂಟು ಹಿಡಿದುಕೊಂಡು ಅಂಗಡಿಗೆ ಬಂದ. ಅಂಚು ಬಿಚ್ಚಿ ನೆಲ ಗುಡಿಸುತ್ತಿತ್ತು. ಅವಳು ಮಡಚಿ ಹೊಲಿದುಕೊಟ್ಟಳು. ಅವಳಿಗೆ ಒಂದು ಅಭ್ಯಾಸ, ಅಂಚಿನ ಕೊನೆಯಲ್ಲಿ ದಾರವನ್ನು ಅಡ್ಡಡ್ಡಕ್ಕೆ ಹಾಯಿಸಿ ಚಿಕ್ಕ ಕತ್ತರಿ ಗುರುತು ಹಾಕಿ ಮುಗಿಸುತ್ತಿದ್ದಳು. ಅವನು ಪ್ಯಾಂಟು ತಿರುಗಿಸಿ ನೋಡಿ, ಇದೇನು ನಿಮ್ಮ ಸಹಿಯಾ ಎಂದು ಕೇಳಿದ. ಇಷ್ಟು ಹತ್ತಿರದಿಂದ ತನ್ನ ಹೊಲಿಗೆಯನ್ನು ಯಾರಾದರೂ ನೋಡಿದ್ದು ಅವಳಿಗೆ ನೆನಪಿರಲಿಲ್ಲ.

ಅವನಿಗೂ ಓಟದ ಹುಚ್ಚು ಎಂಬುದು ಆಗ ಗೊತ್ತಾಯಿತು. ಅವಳು ಓಡಲಿರುವ ಆ ಬೆಟ್ಟದ ಓಟಕ್ಕೆ ವರ್ಷವೂ ಹೋಗುತ್ತಾನಂತೆ. ಗೆದ್ದಿದ್ದೀರಾ ಎಂದರೆ ನಗುತ್ತಾನೆ. ಏನು ಮಾಡ್ತೀರ ಅಲ್ಲಿ ಎಂದರೆ, ಸಣ್ಣಪುಟ್ಟ ಕೆಲಸ ಎಂದು ಮಾತು ತೇಲಿಸುತ್ತಾನೆ.

ರಜೆಯ ಬೆಳಗ್ಗೆಗಳಲ್ಲಿ ಇಬ್ಬರೂ ಊರಾಚೆಯ ಕಾಲುವೆ ದಂಡೆಯಲ್ಲಿ ಓಡತೊಡಗಿದರು. ಏರು ಬಂದಾಗ ನಡೆಯುವುದು ಅವಮಾನವಲ್ಲ, ಹಸಿವಾಗುವ ಮುಂಚೆಯೇ ತಿನ್ನಬೇಕು, ಮಾತಾಡಲು ಆಗದಷ್ಟು ಜೋರಾಗಿ ಓಡಿದರೆ ಆಮೇಲೆ ಅಳಬೇಕಾಗುತ್ತದೆ... ಹೀಗೆ ಅವನ ಬಾಯಿಂದ ಪಾಠ ಉದುರುತ್ತಲೇ ಇರುತ್ತಿತ್ತು. ಬನಿಯನ್ನನ್ನು ಒಳಮೈ ಹೊರಗೆ ಮಾಡಿ ಹಾಕಿಕೊಳ್ಳಿ ಎಂದಾಗ ಮಾತ್ರ ಅವಳು ಜಗಳಕ್ಕೇ ನಿಂತಳು. ಹೊಲಿಗೆ ಹೊರಗೆ ಕಾಣಿಸಿಕೊಂಡು ಓಡುವುದೇ? ಅವಳ ಅಂಗಡಿಯ ಮಾನ ಏನಾಗಬೇಕು? ಆ ದಿನ ಮನೆಗೆ ಬಂದು ಸ್ನಾನಕ್ಕೆ ನೀರು ಸುರಿದುಕೊಂಡರೆ, ಹೊಲಿಗೆ ಉಜ್ಜಿದ ಪಕ್ಕೆ ಚುರ್ ಅಂತು. ಮರುವಾರ ತುಟಿ ಬಿಗಿದು, ಬನಿಯನ್ ತಿರುವಿ ಹಾಕಿಕೊಂಡು ಬಂದಳು. ಅವನು ನೋಡಿದ. ಏನೂ ಹೇಳಲಿಲ್ಲ. ಹೇಳದೆ ಇದ್ದದ್ದು ಅವಳಿಗೆ ಬಹಳ ಇಷ್ಟವಾಯಿತು.

ಐದನೇ ಮಹಡಿಯ ಅಜ್ಜಿಗೆ ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವುದೇ ಕಾಲಕ್ಷೇಪ. ಒಂದು ಮಧ್ಯಾಹ್ನ ಅವಳ ಹಿಂದೆ ಅವನೂ ಮೆಟ್ಟಿಲು ಹತ್ತುವುದನ್ನು ಕಂಡು ಅಜ್ಜಿ ಬಿಡಲಿಲ್ಲ.

"ಏನಯ್ಯಾ, ಲಿಫ್ಟ್ ರಿಪೇರಿ ಅಂತ ಬಂದು ಹುಡುಗಿ ಹಿಂದೆ ಬಾಲಂಗೋಚಿ ಆಗಿಬಿಟ್ಟೆಯಲ್ಲ?"

ಗಾಳಿಪಟದ ಬಾಲಕ್ಕೆ ಕಟ್ಟುವ ಬಟ್ಟೆಯ ಚೂರು, ಬಾಲಂಗೋಚಿ! ಅವಳು ಕಿವಿಯವರೆಗೂ ಕೆಂಪಾದಳು. ಅವನು ಮಾತ್ರ ಗಟ್ಟಿಯಾಗಿ ನಕ್ಕುಬಿಟ್ಟ.

"ಆ ಹೆಸರು ನನಗೆ ಮೊದಲೇ ಇದೆ ಅಜ್ಜಿ. ನಿಮಗೆ ಯಾರು ಹೇಳಿದ್ರು?"

ಅವಳಿಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ. ಏಕೆಂದರೆ ಅಜ್ಜಿ ಆಗಲೇ, ಇವಳ ಹೆಸರು ಗೊತ್ತಾ ನಿನಗೆ, ಇವಳು ಮುಕ್ಕಾಲು, ಎಂದು ಸ್ವೆಟರಿನ ಕಥೆಯನ್ನೆಲ್ಲ ಹರವಿಬಿಟ್ಟಿದ್ದರು.

ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಇವನೊಬ್ಬನಿಗೆ ಗೊತ್ತಾಗದೆ ಇದ್ದಿದ್ದರೆ...

ಏಳನೇ ಮಹಡಿಯ ತಿರುವಿನಲ್ಲಿ ಅವನು ನಿಂತ. "ಮುಕ್ಕಾಲು ಅಂದ್ರೆ ಮೂರು ಕಾಲು ಅಲ್ವಾ?" ಎಂದ, ಬಹಳ ಯೋಚಿಸಿದವನಂತೆ. "ನಮಗೆಲ್ಲ ಎರಡೇ ಇರೋದು. ನೀವು ಓಡದೆ ಇನ್ಯಾರು ಓಡ್ತಾರೆ?"

ಅವಳು ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿ ಬಂತು. ಗೋಡೆಯ ಕಡೆ ತಿರುಗಿ ಬೆವರು ಒರೆಸಿಕೊಳ್ಳುವವಳಂತೆ ಒರೆಸಿಕೊಂಡಳು.

ಅಷ್ಟು ವರ್ಷ ಮುಳ್ಳಾಗಿದ್ದ ಪದ ಒಂದೇ ಮಾತಿಗೆ ಹೂವಾಗಿತ್ತು. ಪ್ರೀತಿ ಯಾವಾಗ ಶುರುವಾಯಿತು ಎಂದು ಯಾರಾದರೂ ಕೇಳಿದರೆ ಅವಳು ಮಹಡಿ ಸಮೇತ ಹೇಳಬಲ್ಲಳು.

* * *

ಓಟದ ದಾರಿಯಲ್ಲಿ ಗುರುತಿಗೆಂದು ಮರಗಳಿಗೆ ಬಟ್ಟೆಯ ಪಟ್ಟಿ ಕಟ್ಟುತ್ತಾರಂತೆ. ಪಟ್ಟಿ ಕತ್ತರಿಸಿ ಕೊಡ್ತೀರಾ ಎಂದು ಅವನು ಕೇಳಿದ. ಅಂಗಡಿಯಲ್ಲಿ ಕಿತ್ತಳೆ ಬಣ್ಣದ ಲೈನಿಂಗ್ ಬಟ್ಟೆಯ ಒಂದು ತಾನು, ಇಡೀ ಸುರುಳಿ, ಉಳಿದಿತ್ತು. ಕಣ್ಣಿಗೆ ರಾಚುವ ಆ ಬಣ್ಣವನ್ನು ಯಾವ ಕೋಟಿನ ಒಳಗೂ ಯಾರೂ ಒಪ್ಪಿರಲಿಲ್ಲ. ಅವಳು ಖುಷಿಯಿಂದ ಒಪ್ಪಿದಳು. ನೂಲು ಬಿಚ್ಚದಿರಲೆಂದು ಅಂಚು ಹಲ್ಲುಹಲ್ಲಾಗಿ ಬರುವ ಕತ್ತರಿಯನ್ನೇ ಹಿಡಿದು, ಸಂಜೆಯ ಬಿಡುವಿನಲ್ಲಿ ಕತ್ತರಿಸಿ ಕಟ್ಟು ಕಟ್ಟಿಡುತ್ತಿದ್ದಳು.

ಓಟಕ್ಕೆ ಇನ್ನೇನು ಸ್ವಲ್ಪವೇ ದಿನ ಇತ್ತು. ಮೂರು ಕಟ್ಟು ಮುಗಿದು, ಕೊನೆಯದಾದ ನಾಲ್ಕನೆಯದಕ್ಕೆ ಕೈ ಹಾಕುವ ಮೊದಲು, ಒಂದು ಸುತ್ತು ಹತ್ತಿ ಬರೋಣವೆಂದು ಮೆಟ್ಟಿಲಿಗೆ ಹೋದಳು.

ಏಳನೇ ಮಹಡಿಯಲ್ಲಿ ಲಿಫ್ಟ್ ಗುಂಡಿಯ ಒಳಗಿನಿಂದ ಅವನ ದನಿ ಕೇಳಿಸಿತು. ಎಲ್ಲೋ ಕೆಳಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಗುಂಡಿ ಅಂದರೆ ಕೊಳವೆ ಇದ್ದ ಹಾಗೆ, ಮಾತು ನೇರ ಮೇಲೆ ಬರುತ್ತಿತ್ತು. ಅವಳು ನಗುತ್ತಾ, ಬಗ್ಗಿ ಕೂಗೋಣವೆಂದು ಹತ್ತಿರ ಹೋದಳು.

"ಇಲ್ಲ ಸಾರ್... ಮುಕ್ಕಾಲು ಬಂದು ನಿಂತುಬಿಡುತ್ತೆ. ಅದರ ಹಣೆಬರಹವೇ ಅಷ್ಟು. ಪೂರ್ತಿ ಮಾಡೋ ಪೈಕಿ ಅಲ್ಲ. ನಾನೂ ಎಷ್ಟು ದಿನ ಅಂತ ಅದರ ಹಿಂದೆ ಬೀಳಲಿ... ಕೈಬಿಡೋದೇ ವಾಸಿ. ಹೊಸದು ನೋಡೋಣ."

ಅವಳ ಕೈ ಗೋಡೆ ಹಿಡಿಯಿತು.

ಪೂರ್ತಿ ಮಾಡೋ ಪೈಕಿ ಅಲ್ಲ. ಅಣ್ಣನ ಮಾತು, ಅಕ್ಷರ ಬಿಡದೆ. ಆದರೆ ಅಣ್ಣ ಹೇಳಿದಾಗ ಹೀಗೆ ಉಸಿರು ಕಟ್ಟಿರಲಿಲ್ಲ. ಮೂರು ಕಾಲು ಎಂದು ನಗಿಸಿದವನು... ಹಿಂದಿನಿಂದ ಇದನ್ನಾ ಹೇಳ್ತಿರೋದು? ಯಾರಿಗೆ ಹೇಳ್ತಿದ್ದಾನೆ? ಇನ್ನೂ ಎಷ್ಟು ಜನಕ್ಕೆ ಹೇಳಿದ್ದಾನೆ?

ಕೆಳಗೆ ಇಳಿದು ಬಂದವಳು ಕತ್ತರಿಯನ್ನು ಡ್ರಾಯರಿಗೆ ಎಸೆದಳು. ನಾಲ್ಕನೇ ಕಟ್ಟಿನ ಬಟ್ಟೆ ತಾನಿನಲ್ಲೇ ಉಳಿಯಿತು. ಮೂರು ಕಟ್ಟನ್ನು ಅತ್ತಿಗೆಯ ಕೈಲಿ ಕಳಿಸಿದಳು. ಏನಾಯ್ತೇ ಎಂದು ಅತ್ತಿಗೆ ಕೇಳಿದ್ದಕ್ಕೆ, ತಲೆನೋವು ಎಂದಳು.

ಆ ವಾರವೇ ಹಳೆಯ ಲಿಫ್ಟಿಗೆ ಹೊಸ ಬಾಗಿಲು ಬಂತು. ಕೆಲಸ ಮುಗಿಸಿ ಅವನು ಬೇರೆ ಕಟ್ಟಡಕ್ಕೆ ಹೋದ. ಫೋನ್ ಬಂತು, ಎತ್ತಲಿಲ್ಲ. ಸಂದೇಶ ಬಂತು. 'ಪಟ್ಟಿ ಸ್ವಲ್ಪ ಕಮ್ಮಿ ಬಿದ್ದಿದೆ. ಪರವಾಗಿಲ್ಲ, ನೋಡ್ಕೊಳ್ತೀನಿ. ನೀವು ಕಾಲು ನೋಡ್ಕೊಳ್ಳಿ.' ಓದಿ ಫೋನನ್ನು ಮಗುಚಿಟ್ಟಳು.

ಕಾಲು ನೋಡ್ಕೋಬೇಕಂತೆ. ನೋಡ್ತಾ ಇರಿ ಮಿಸ್ಟರ್, ನಿಮ್ಮ ಕಣ್ಣೆದುರಿಗೇ ಮುಗಿಸ್ತೀನಿ.

ಲಿಫ್ಟ್ ನುಣ್ಣಗೆ ಓಡಾಡುತ್ತಿತ್ತು. ಅವಳು ಮಾತ್ರ ಮೆಟ್ಟಿಲು ಹತ್ತಿದಳು, ಮೊದಲಿಗಿಂತ ಜೋರಾಗಿ. ಆರನೇ ಮಹಡಿಯ ಹೊಸ್ತಿಲು ಬಂದಾಗ ಮಾತ್ರ ಕಣ್ಣನ್ನು ಬೇರೆಡೆಗೆ ತಿರುಗಿಸಿಕೊಳ್ಳುತ್ತಿದ್ದಳು.

* * *

ಓಟದ ಬೆಳಗು!

ಬೆಟ್ಟದ ಬುಡದಲ್ಲಿ ಜನವೋ ಜನ. ಕುಣಿಯುವವರು, ಕೈಕಾಲು ಚಾಚುವವರು, ಬಾಳೆಹಣ್ಣು ಸುಲಿಯುವವರು, ಸುಮ್ಮನೆ ಆಕಾಶ ನೋಡುವವರು. ಅವಳು ತಿರುವಿ ಹಾಕಿದ್ದ ಬನಿಯನ್ನಿನ ಮೇಲೆ ಎದೆಗೆ ನಂಬರು ಚುಚ್ಚಿಕೊಟ್ಟು ಅಣ್ಣ ಏನೋ ಹೇಳಲು ಹೋದ. ಅತ್ತಿಗೆ ಅವನ ಕಾಲು ತುಳಿದಳು. ಮುಗಿಯುವ ಗೆರೆಯ ಹತ್ತಿರ ಕಾಯುತ್ತೇವೆ ಎಂದಷ್ಟೇ ಹೇಳಿ ಇಬ್ಬರೂ ಹೋದರು.

ಆಗ ಮೈಕಿನಲ್ಲಿ ಅವನ ದನಿ!

ಓಟದವರಿಗೆ ದಾರಿಯ ಸೂಚನೆ ಕೊಡುತ್ತಿದ್ದ. ಅವಳು ಥಟ್ಟನೆ ಕೂತು ಷೂ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಕೇಳಬಾರದು ಎಂದು ಮನಸ್ಸಿನಲ್ಲೇ ಗುನುಗಿಕೊಂಡಳು. ಎದುರಿನ ಗುಡ್ಡದ ಹಿಂದೆ ಸೂರ್ಯ ಇಳಿದಾಗ ಕೊನೆಯ ಸೀಟಿ, ಆಮೇಲೆ ಗೆರೆ ದಾಟಿದರೂ ಲೆಕ್ಕಕ್ಕಿಲ್ಲ ಎಂಬುದು ಮಾತ್ರ ಕಿವಿಗೆ ಬಿತ್ತು. ಪಟ್ಟಿಗಳ ಬಗ್ಗೆ ಅವನು ಏನೋ ಎರಡೆರಡು ಸಲ ಹೇಳಿದ. ಅವಳು ಗುನುಗುತ್ತಲೇ ಇದ್ದಳು.

ಢಂ ಎಂದು ಸದ್ದಾಯಿತು. ಜನಸಾಗರ ಮುಂದಕ್ಕೆ ಉರುಳಿತು.

ಮೊದಲ ಏರಿನಲ್ಲೇ ಅವಳಿಗೆ ನಗು ಬಂತು. ಮೆಟ್ಟಿಲು! ಇದೂ ಮೆಟ್ಟಿಲೇ, ಗೋಡೆಯಿಲ್ಲದ ಮೆಟ್ಟಿಲು. ಎಲ್ಲರೂ ಏದುಸಿರು ಬಿಡುತ್ತಿದ್ದಾಗ ಅವಳು ತನ್ನ ಲಯದಲ್ಲಿ ಹತ್ತಿದಳು. ಇಳಿಜಾರಿನಲ್ಲಿ ಚಿಕ್ಕ ಹೆಜ್ಜೆ. ನೀರಿನ ಮೇಜಿನಲ್ಲಿ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ಕೊಟ್ಟರು, ಅಷ್ಟು ರುಚಿಯಾದದ್ದನ್ನು ಹುಟ್ಟಿದ ಮೇಲೆ ತಿಂದಿರಲಿಲ್ಲ ಅನ್ನಿಸಿತು.

ಮತ್ತೆ ಎಲ್ಲೆಲ್ಲೂ ಅವಳ ಕಿತ್ತಳೆ ಪಟ್ಟಿಗಳು! ಮರದ ಕೊಂಬೆಯಲ್ಲಿ, ಬೇಲಿಯ ತಂತಿಯಲ್ಲಿ, ಬಂಡೆಯ ಮೂತಿಯಲ್ಲಿ. ತಾನು ಕತ್ತರಿಸಿದ ಬಟ್ಟೆಯೇ ತನ್ನನ್ನು ಬಾ ಬಾ ಎಂದು ಕರೆಯುತ್ತಿತ್ತು. ಪ್ರತಿ ಪಟ್ಟಿಯ ಹಲ್ಲಂಚು ಕಂಡಾಗಲೂ ಕಾಲಿಗೆ ಹೊಸ ಬಲ ಬರುತ್ತಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಜೊತೆಯವರೆಲ್ಲ ಮುಂದೆ ಹೋಗಿ ಚದುರಿದ್ದರು. ಅವಳು ಒಬ್ಬಳೇ. ಒಂದು ಕವಲು ಬಂತು. ಎಡಕ್ಕೊಂದು ದಾರಿ, ಬಲಕ್ಕೊಂದು.

ಕಿತ್ತಳೆ ಪಟ್ಟಿ ಇಲ್ಲ.

ಎಡಕ್ಕೆ ಬಹಳ ದೂರ ಹೋದಳು. ಇಲ್ಲ. ವಾಪಸು ಬಂದಳು. ಬಲಕ್ಕೆ ಕಣ್ಣು ಹಾಯಿಸಿದಳು. ಹಸಿರು, ಮಣ್ಣು, ನೆರಳು. ಕಿತ್ತಳೆ ಎಲ್ಲೂ ಇಲ್ಲ. ಹಿಂದಿನ ನೀರಿನ ಮೇಜಿನಲ್ಲಿ ಹೇಳಿದ್ದ ದೂರ ನೆನಪಾಯಿತು. ಲೆಕ್ಕ ಹಾಕಿದಳು.

ಹೆಚ್ಚುಕಮ್ಮಿ ಮೂವತ್ತೇಳೂವರೆ.

ಪಟ್ಟಿ ಯಾಕೆ ಮುಗಿಯಿತು ಎಂಬುದೂ ಆಗಲೇ ಹೊಳೆಯಿತು. ಡ್ರಾಯರಿನ ಕತ್ತರಿ. ತಾನಿನಲ್ಲೇ ಉಳಿದ ನಾಲ್ಕನೇ ಕಟ್ಟು. ದಾರಿಯನ್ನು ಮುಕ್ಕಾಲಿಗೆ ನಿಲ್ಲಿಸಿದವಳು ತಾನೇ...

ಅವಳು ಬಂಡೆಯ ಮೇಲೆ ಕೂತಳು. ಅಣ್ಣ ಹೇಳಿದ್ದು ಹಾಗೇ ಆಯಿತು. ಕೂತೇಬಿಟ್ಟಳು.

* * *

ಹಿಂದಿನಿಂದ ಪಟಪಟ ಸದ್ದು ಕೇಳಿಸಿತು. ಗಾಳಿಗೆ ಬಟ್ಟೆ ಬಡಿದುಕೊಳ್ಳುವ ಸದ್ದು.

ತಿರುಗಿ ನೋಡಿದಳು. ಅವನು! ಸೊಂಟದ ಸುತ್ತ ನೂರಾರು ಕಿತ್ತಳೆ ಪಟ್ಟಿ ಸಿಕ್ಕಿಸಿಕೊಂಡಿದ್ದ. ಅವು ಹಿಂದಕ್ಕೆ ಹಾರಾಡುತ್ತಿದ್ದವು, ಉದ್ದನೆಯ ಬಾಲದ ಹಾಗೆ. ಬೆನ್ನಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಬಾಲಂಗೋಚಿ.

ಎಲ್ಲರಿಗಿಂತ ಹಿಂದೆ ಓಡುವವನು. ಕೊನೆಯವರ ಜೊತೆಗಿದ್ದು, ಗುರುತಿನ ಪಟ್ಟಿಗಳನ್ನು ಬಿಚ್ಚಿಕೊಂಡು ಬರುವವನು. ಅಂದರೆ... ಅವಳೇ ಕೊನೆಯವಳು.

"ಬಂದ್ರಾ? ನೀವು ಹೇಳಿದ ಹಾಗೇ ಆಯ್ತು. ಮುಕ್ಕಾಲು ಬಂದು ನಿಂತುಬಿಡ್ತು. ಕರ್ಕೊಂಡು ಹೋಗಿ ಓಟ ಬಿಟ್ಟವರ ಗಾಡಿ ಹತ್ತಿಸಿ."

ಅವನು ಕಕ್ಕಾಬಿಕ್ಕಿಯಾದ. "ನಾನು ಯಾವಾಗ ಹೇಳಿದೆ?"

ಅವಳು ಒಂದೊಂದೇ ಮಾತನ್ನು ಒಪ್ಪಿಸಿದಳು. ಹಣೆಬರಹ, ಪೂರ್ತಿ ಮಾಡೋ ಪೈಕಿ ಅಲ್ಲ, ಅದರ ಹಿಂದೆ ಬೀಳೋದು, ಕೈಬಿಡೋದೇ ವಾಸಿ. ದಿನವೂ ಒಳಗೊಳಗೇ ಹೇಳಿಕೊಂಡು ಬಾಯಿಪಾಠವಾಗಿತ್ತು.

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಮೆಲ್ಲನೆ ಮಂಡಿಯೂರಿ ನೆಲದ ಮೇಲೆ ಕೂತ.

"ಬಾಗಿಲು ರೀ."

"ಏನು?"

"ಲಿಫ್ಟ್ ಬಾಗಿಲು. ಮುಕ್ಕಾಲು ಬಂದು ನಿಂತುಬಿಡ್ತಿತ್ತು, ಪೂರ್ತಿ ಮುಚ್ತಾನೇ ಇರಲಿಲ್ಲ. ಹೊಸ ಬಾಗಿಲು ಹಾಕ್ಸಿ ಅಂತ ಸಾಹೇಬ್ರಿಗೆ ಹೇಳ್ತಿದ್ದೆ."

ಹೊಸ ಬಾಗಿಲು. ಆ ವಾರವೇ ಬಂದಿದ್ದ ಹೊಸ ಬಾಗಿಲು. ದಿನವೂ ಅದರ ಮುಂದೆಯೇ ಮೂತಿ ತಿರುಗಿಸಿಕೊಂಡು ಹತ್ತಿದ್ದಳಲ್ಲ!

ಮೊದಲು ಅವಳ ಭುಜ ಅಲುಗಿತು. ಆಮೇಲೆ ಹೊಟ್ಟೆ. ನಗು ಉಕ್ಕಿ ಬಂದು, ನಡುವೆ ಎಲ್ಲೋ ಅಳುವಾಗಿ, ಮತ್ತೆ ನಗುವಾಯಿತು. ಒಂದು ಬಾಗಿಲಿನ ಮೇಲೆ ಸಿಟ್ಟು ಮಾಡಿಕೊಂಡು ಅವಳು ಮುಕ್ಕಾಲು ದಾರಿ ಓಡಿದ್ದಳು.

"ನಾಲ್ಕನೇ ಕಟ್ಟು ನಾನು ಕತ್ತರಿಸಲೇ ಇಲ್ಲ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಸಿಟ್ಟಿಗೆ ಬಿಟ್ಟುಬಿಟ್ಟೆ. ದಾರಿ ತಪ್ಪಿದ್ದು ನನ್ನಿಂದಲೇ."

"ದಾರಿ ತಪ್ಪಿಲ್ಲ. ಬೆಳಗ್ಗೆ ಮೈಕಲ್ಲಿ ಎರಡು ಸಲ ಹೇಳಿದೆನಲ್ಲ, ಇಲ್ಲಿಂದಾಚೆ ಪಟ್ಟಿ ನೀಲಿ ಅಂತ."

ಬಲಗಡೆಯ ದಾರಿಯ ಮೊದಲ ಮರಕ್ಕೆ ಅವನು ಕೈ ತೋರಿಸಿದ. ನೆರಳಿನಲ್ಲಿ ಒಂದು ನೀಲಿ ಪಟ್ಟಿ ಅಲುಗುತ್ತಿತ್ತು. ಅವಳು ಕುಂಟುತ್ತಾ ಹತ್ತಿರ ಹೋಗಿ ಹಿಡಿದು ನೋಡಿದಳು. ಸೊಟ್ಟಸೊಟ್ಟ ಕತ್ತರಿಸಿದ ದಪ್ಪ ಬಟ್ಟೆ. ಅದರ ಅಂಚಿನಲ್ಲಿ ಅಡ್ಡಡ್ಡ ಹಾಯಿಸಿದ ದಾರ, ಚಿಕ್ಕದೊಂದು ಕತ್ತರಿ ಗುರುತು.

"ಇದು... ನಿಮ್ಮ ಯೂನಿಫಾರ್ಮ್."

"ಹಳೇ ಶರಟು, ಪ್ಯಾಂಟು ಎಲ್ಲ ಸೇರಿಸಿದೆ. ಮೊದಲನೇ ಮರಕ್ಕೆ ಮಾತ್ರ ನಿಮ್ಮ ಸಹಿ ಇರೋ ಪಟ್ಟಿನೇ ಬೇಕು ಅಂತ ಹುಡುಕಿ ಕಟ್ಟಿದೆ."

ಅವಳ ಬೆರಳು ಆ ಗುರುತನ್ನು ಸವರಿತು.

"ನಾನು ನಿಮ್ಮನ್ನ ಎಳೆಯೋ ಹಾಗಿಲ್ಲ, ತಳ್ಳೋ ಹಾಗಿಲ್ಲ," ಎಂದ ಅವನು ಎದ್ದು ನಿಂತು. "ನಿಮಗಿಂತ ಒಂದು ಹೆಜ್ಜೆ ಮುಂದೆ ಹೋಗೋ ಹಾಗೂ ಇಲ್ಲ. ಬಾಲಂಗೋಚಿ ಕೆಲಸ ಅಷ್ಟೇ. ಗಾಡಿ ಬೇಕು ಅಂದ್ರೆ ಈಗಲೇ ಕರೀತೀನಿ. ಓಡ್ತೀರಾ ಅಂದ್ರೆ ಹಿಂದೆ ಇರ್ತೀನಿ. ಹೇಳಿ."

ಸೂರ್ಯ ಗುಡ್ಡದ ಕಡೆಗೆ ವಾಲಿದ್ದ. ಅವಳು ನೀಲಿ ಪಟ್ಟಿಯನ್ನು ಮರದಿಂದ ತಾನೇ ಬಿಚ್ಚಿ ಮಣಿಕಟ್ಟಿಗೆ ಸುತ್ತಿಕೊಂಡಳು.

"ಹಿಂದೆ ಇರಿ," ಎಂದಳು. ಓಡಿದಳು.

* * *

ಕಾಲು ಕಾಲಾಗಿ ಉಳಿದಿರಲಿಲ್ಲ, ಎರಡು ಮರದ ತುಂಡುಗಳಾಗಿದ್ದವು. ಆದರೂ ಮುಂದಿನ ನೀಲಿ ಪಟ್ಟಿ ಕಾಣುವವರೆಗೆ ಓಡು, ಅಷ್ಟೇ... ಎಂದು ತನಗೆ ತಾನೇ ಹೇಳಿಕೊಂಡಳು. ಅದು ಕಂಡರೆ ಅದರ ಮುಂದಿನದು. ಹಿಂದೆ ಪಟಪಟ ಸದ್ದು ಬಿಡದೆ ಬರುತ್ತಿತ್ತು.

ನೀವು ಯಾಕೆ ಯಾವಾಗಲೂ ಕೊನೆಯಲ್ಲೇ ಓಡ್ತೀರ ಎಂದು ಅವಳು ತಿರುಗದೆ ಕೇಳಿದಳು.

"ನನ್ನ ಮೊದಲ ಓಟದಲ್ಲಿ ನಾನೇ ಕೊನೆ. ಬಿದ್ದು ಎದ್ದು ಮುಗಿಸಿದೆ. ಗೆರೆ ಹತ್ತಿರ ಬಂದ್ರೆ ಯಾರೂ ಇಲ್ಲ. ಕಮಾನು ಬಿಚ್ಚಿ ಮಡಚಿಟ್ಟಿದ್ರು. ಮುಗಿಸಿದೆ ಅಂತ ಹೇಳಿಕೊಳ್ಳೋಕೆ ಒಂದು ನಾಯಿನೂ ಇರಲಿಲ್ಲ." ಅವನು ಉಸಿರು ಎಳೆದುಕೊಂಡ. "ಇನ್ಯಾರಿಗೂ ಹಾಗಾಗಬಾರದು ಅಂತ."

ಅವಳು ಕೊಡಬೇಕಾದ ಉತ್ತರವನ್ನು ಕಾಲಿಗೆ ಕೊಟ್ಟಳು. ವೇಗ ಹೆಚ್ಚಿತು.

ಕೊನೆಯ ಇಳಿಜಾರು. ಚಿಕ್ಕ ಹೆಜ್ಜೆ, ಚಿಕ್ಕ ಹೆಜ್ಜೆ... ಕೆಳಗೆ ಕಮಾನು ಕಂಡಿತು. ಕಮಾನು ಇನ್ನೂ ಇತ್ತು! ಜನ ಇದ್ದರು! ಸೂರ್ಯನ ಕೊನೆಯ ಚೂರು ಗುಡ್ಡದ ತುದಿಯಲ್ಲಿ ಸಿಕ್ಕಿಕೊಂಡಿತ್ತು. ಸೀಟಿ ಹಿಡಿದವನು ಅದನ್ನು ಬಾಯಿಗಿಟ್ಟು ಅತ್ತ ನೋಡುತ್ತಾ ನಿಂತಿದ್ದ.

ಜನರ ನಡುವೆ ಒಬ್ಬ ಮಾತ್ರ ಹುಚ್ಚನ ಹಾಗೆ ಎಗರಾಡುತ್ತಿದ್ದ. ಹಸಿರು ಸ್ವೆಟರ್. ಒಂದು ತೋಳು ಉಲ್ಲನ್, ಇನ್ನೊಂದು ಬರಿಗೈ. "ನಿಲ್ಲಬೇಡ ಕಣೇ! ನಿಲ್ಲಬೇಡ!" ಎಂದು ಅಣ್ಣ ಅರಚುತ್ತಿದ್ದ. ಅವನ ದನಿ ಒಡೆದಿತ್ತು.

ಅವಳು ಗೆರೆ ದಾಟಿದಳು.

ಸೀಟಿ ಕೂಗಿತು.

ಅತ್ತಿಗೆ ತಬ್ಬಿಕೊಂಡಳು. ಅಣ್ಣ ಹತ್ತಿರ ಬಂದ. ಸ್ವೆಟರಿನ ಒಂಟಿ ತೋಳಿನಿಂದಲೇ ಮೂಗು ಒರೆಸಿಕೊಂಡ.

"ಇನ್ಮೇಲೆ ನಿನ್ನ ಏನಂತ ಕರೀಲೇ?"

"ಮೊದಲು ಕುಡಿಯೋಕೆ ನೀರು ಕೊಡಿ, ಹೆಸರು ಆಮೇಲೆ ಇಡುವಿರಂತೆ," ಎಂದು ಅತ್ತಿಗೆ ಅವನನ್ನು ಎಳೆದುಕೊಂಡು ಹೋದಳು. ಹೋಗುವಾಗ ಒಮ್ಮೆ ತಿರುಗಿ, ಪಟ್ಟಿ ಬಿಚ್ಚುತ್ತಿದ್ದ ಬಾಲಂಗೋಚಿಯನ್ನೂ ನಾದಿನಿಯನ್ನೂ ನೋಡಿ, ನೀರು ತರುವುದನ್ನು ನಿಧಾನ ಮಾಡಿದಳು.

ಅವನು ಅವಳ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತ. ನಡುವೆ ಕಿತ್ತಳೆ, ನೀಲಿ ಪಟ್ಟಿಗಳ ರಾಶಿ.

"ನನ್ನ ಕೆಲಸ ಮುಗೀತು," ಎಂದ. "ಕೊನೆಯವರು ಗೆರೆ ದಾಟಿದ ಮೇಲೆ ಬಾಲಂಗೋಚಿ ಯಾರ ಹಿಂದೆಯೂ ಇರೋ ಹಾಗಿಲ್ಲ."

"ಮತ್ತೆ?"

"ಪಕ್ಕದಲ್ಲಿ ಇರಬಹುದು." ಅವನು ಒಂದು ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಮುಕ್ಕಾಲಿಗೆ ಕಾಲು ಸೇರಿಸಿದ್ರೆ ಒಂದು ಪೂರ್ತಿ ಅಂತ ಶಾಲೇಲಿ ಕಲಿತಿದ್ದೆ. ಆ ಕಾಲು ನಾನಾಗಬಹುದಾ... ಲಿಫ್ಟ್ ಮೇಲೆ ನಿಂತು ಎಷ್ಟು ಸಲ ಅಭ್ಯಾಸ ಮಾಡಿದ್ದೀನಿ ಗೊತ್ತಾ ಈ ಮಾತನ್ನ."

"ತಡ ಮಾಡಿದ್ರಿ," ಎಂದಳು ಅವಳು. "ನಾನೀಗ ಮುಕ್ಕಾಲಲ್ಲ. ನಿಮ್ಮ ಕಣ್ಣೆದುರಿಗೇ ಪೂರ್ತಿ ಒಂದಾಗಿ ಕೂತಿದ್ದೀನಿ."

ಅವನ ಮುಖ ಸಣ್ಣದಾಯಿತು. ಅವಳು ಅದನ್ನು ಒಂದು ಗಳಿಗೆ ಹಾಗೇ ನೋಡಿದಳು. ಅಷ್ಟು ದಿನದ ಸಿಟ್ಟಿಗೆ ಅಷ್ಟಾದರೂ ಬಡ್ಡಿ ಬೇಡವೇ? ಆಮೇಲೆ ಮಣಿಕಟ್ಟಿನ ನೀಲಿ ಪಟ್ಟಿ ಬಿಚ್ಚಿ, ಒಂದು ಕಿತ್ತಳೆ ಪಟ್ಟಿಯ ತುದಿಗೆ ಸೇರಿಸಿ, ಬಿಗಿಯಾಗಿ ಗಂಟು ಹಾಕಿದಳು.

"ನೀವು ಸೇರಿದ್ರೆ ಒಂದೂಕಾಲು ಆಗ್ತೀವಿ. ಪರವಾಗಿಲ್ವಾ?"

ಅವನ ಕಣ್ಣಿಗೆ ಆ ಮೊದಲ ದಿನದ ನಗು ವಾಪಸು ಬಂತು. "ಅಂದ್ರೆ ನನ್ನ ಪಾಲಿಗೆ ಬರೀ ಕಾಲಾ?"

"ಮೊದಲ ದಿನದಿಂದ ನೀವು ನೋಡಿದ್ದು ಅದನ್ನೇ ತಾನೇ?"